ಐವತ್ತೈದು ಮೈಲಿಯ ನಡುಕ

ಆರು ಇಂಚು ಎತ್ತರಿಸಿದ್ದಾನೆ ಯಾವನೋ ಪುಣ್ಯಾತ್ಮ
ನನಗಿಂತ ಮುಂಚೆ ಈ ಪಿಕಪ್ಪನ್ನು ಓಡಿಸಿದವನು.
ಹತ್ತಬೇಕಾದರೆ ಬಾಗಿಲ ಹಿಡಿಕೆಗೆ ಜೋತುಬಿದ್ದು
ಒಂದು ಮಂಡಿ ಮೊದಲು, ಆಮೇಲೆ ಉಳಿದ ನಾನು.
ಚೀಲ, ಹಗ್ಗ, ಕರು ಎಳೆಯುವ ಸರಪಳಿ
ಎಲ್ಲ ಮೊದಲೇ ಒಳಗೆಸೆದು.

ವಿನ್ನೆಮಕ್ಕಾ ಊರ ಹೊರಗೆ, ದನ ದಾಟದಂತೆ
ರಸ್ತೆಗೆ ಅಡ್ಡ ಹಾಸಿದ ಕಬ್ಬಿಣದ ಜಾಲರಿ.
ಐವತ್ತೈದು ಮೈಲಿ ವೇಗದಲ್ಲಿ ಅದರ ಮೇಲೆ ಹಾದರೆ
ಸ್ಟೀರಿಂಗಿಗೆ ಮೈಮೇಲೆ ಬರುತ್ತದೆ.
ಗಡಗಡ ಗಡಗಡ, ಮೊಣಕೈವರೆಗೆ,
ಕಪ್ಪಿನ ಕಾಫಿ ತೊಡೆಗೆ, ಕನ್ನಡಿಯಲ್ಲಿ ಬೆಟ್ಟ ಎರಡೆರಡು.
ಬ್ರೇಕು ಒತ್ತಿ ಇಪ್ಪತ್ತಕ್ಕೆ ಇಳಿದ ಮೇಲೆ
ಏನೂ ಆಗಿಲ್ಲವೆಂಬಂತೆ ಸುಮ್ಮನಾಗುತ್ತದೆ.
ಮೈಮೇಲೆ ಬಂದದ್ದು ಇಳಿದವರೂ ಹಾಗೆಯೇ
ಒಂದು ಲೋಟ ನೀರು ಕೇಳಿ ಕೂರುತ್ತಾರಲ್ಲ.

ಮೈಟೆ ಎಚಾರ್ಟ್ ಮನೆಯ ಗ್ಯಾರೇಜು.
ಎಪ್ಪತ್ತೊಂದು ವರ್ಷ. ಅಪ್ಪ ಪಿರೆನೀಸ್ ಬೆಟ್ಟಗಳಿಂದ
ಈ ನೆವಾಡಾಕ್ಕೆ ಕುರಿ ಕಾಯಲು ಬಂದವನು.
ಇವಳು ಕುರಿ ಬಿಟ್ಟು, ಗಣಿಯ ಲಾರಿಗಳ ಕೆಳಗೆ
ಮೂವತ್ತು ವರ್ಷ ಮಲಗಿದವಳು.
ಹಳೇ ರಟ್ಟಿನ ಪೆಟ್ಟಿಗೆ ಬಿಚ್ಚಿ ನೆಲಕ್ಕೆ ಹಾಸಿ
"ಬಾ ಡಾಕ್ಟರೇ, ಇದೂ ಒಂದು ಹಸುವೇ" ಅಂದಳು.

ಪಕ್ಕಪಕ್ಕ ಮಲಗಿ ಮೇಲೆ ನೋಡಿದೆವು.
ಹಳೆಯ ಸ್ಟೆಬಿಲೈಸರು:
ಎಣ್ಣೆ ಸೋರಿದ ಮೈಗೆ ಮರುಭೂಮಿಯ ಧೂಳು ಮೆತ್ತಿ
ಥೇಟ್ ಒಲೆ ಮುಂದಿನ ಊದುಗೊಳವೆ.
ಪಿನ್ನು ಬಂತು. ನಟ್ಟು ಬಂತು.
ಕೀಲು ಮಾತ್ರ ಒಲ್ಲೆ ಅಂತ ಕಚ್ಚಿಕೊಂಡು ಕೂತಿತು.
ತುಕ್ಕಿನ ಎಣ್ಣೆ ಸಿಂಪಡಿಸಿ ಕಾದೆವು.
ಸುತ್ತಿಗೆ. ಮತ್ತೆ ಎಣ್ಣೆ. ಮತ್ತೆ ಸುತ್ತಿಗೆ.
ಮೈಟೆ ಬಾಸ್ಕ್ ಭಾಷೆಯಲ್ಲಿ ಬೈದಳು,
ನಾನು ಬೀದರಿನ ಕನ್ನಡದಲ್ಲಿ, ಸಾಲದ್ದಕ್ಕೆ ಒಂದಿಷ್ಟು ದಖನಿ.
ಯಾವ ಬೈಗುಳಕ್ಕೆ ಹೆದರಿತೋ, ಟಣ್ ಅಂತ
ನನ್ನ ಕಿವಿಯ ಪಕ್ಕಕ್ಕೇ ಬಿತ್ತು.

ಹೊಸದಕ್ಕೆ ಪ್ಲಾಸ್ಟಿಕ್ ಪಟ್ಟಿ ಕಟ್ಟಿ ಕಳಿಸಿದ್ದರು.
ಕತ್ತರಿಸಿದೊಡನೆ ನಿಧಾನ, ತುಂಬ ನಿಧಾನ ಉದ್ದವಾಯಿತು,
ಆಗ ತಾನೇ ಹುಟ್ಟಿದ್ದು ಕಾಲು ಚಾಚಿದ ಹಾಗೆ.
ಒಂದು ತುದಿ ಆಕ್ಸಲಿಗೆ,
ಇನ್ನೊಂದು, ಚಕ್ರಕ್ಕೆ ಚಕ್ರ ಜೋಡಿಸುವ ಸರಳಿಗೆ.
"ಎಡಕ್ಕೆ ಪೂರ್ತಿ ತಿರುಗಿಸು. ಈಗ ಬಲಕ್ಕೆ ಪೂರ್ತಿ."
ಎಲ್ಲೂ ತಾಗಲಿಲ್ಲ.

ಜಾಲರಿಗೆ ಹೋದೆ. ಐವತ್ತೈದು. ಅರವತ್ತು.
ಟರ್ರ್ ಅಂದಿತು ಟೈರು, ಅಷ್ಟೇ.
ಕಾಫಿ ಕಪ್ಪಿನಲ್ಲೇ. ಬೆಟ್ಟ ಒಂದೇ.
ಹಿಗ್ಗಬೇಕಿತ್ತು.

ಭಾಲ್ಕಿ ಸಂತೆಯ ದಲ್ಲಾಳಿ ನೆನಪಾದ.
ಕುಂಟೆತ್ತಿಗೆ ಬೆಳಗ್ಗೆಯೇ ನೋವಿನ ಸೂಜಿ ಚುಚ್ಚಿಸಿ
ನಡೆಸಿ ತೋರಿಸುತ್ತಿದ್ದ: "ಎತ್ತಲ್ಲ ನೋಡ್ರಿ ಸಾವ್ಕಾರ್ರ, ಕುದುರಿ!"
ಸಂಜೆಗೆ, ಕೊಂಡವನ ಹೊಲದ ಬದುವಿನಲ್ಲಿ
ಎತ್ತು ಮೂರೇ ಕಾಲಲ್ಲಿ.

ಹಿಂತಿರುಗಿ ಬಂದು ಹೇಳಿದೆ. ಮೈಟೆ ನಗಲಿಲ್ಲ.
"ಎಂಜಿನ್ ಆರಿಸು. ಸ್ಟೀರಿಂಗ್ ಇಷ್ಟಿಷ್ಟೇ ಅಲ್ಲಾಡಿಸುತ್ತಿರು"
ಅಂದು ಮತ್ತೆ ರಟ್ಟಿನ ಮೇಲೆ ಜಾರಿದಳು.
ಎಡ. ಬಲ. ಎಡ. ಬಲ.
ಕೆಳಗಿನಿಂದ ಬಹಳ ಹೊತ್ತು ಸದ್ದಿಲ್ಲ.
ಆಮೇಲೆ: "ಟ್ರ್ಯಾಕ್ ಬಾರ್. ಬುಷ್ ಸವೆದು
ಬೋಲ್ಟು ತೂತಿನಲ್ಲಿ ಲೊಟಲೊಟ.
ಪಾಪ, ಈ ಹೊಸಬ ಅದರ ಬಾಯಿ ಪೊತ್ತಿ ಹಿಡಿದಿದ್ದಾನೆ."

ಬುಷ್ ರೀನೋದಿಂದ ಬರಬೇಕು, ಗುರುವಾರ.
ಫೋನು ಬಂದದ್ದು ಅವತ್ತೇ, ಏಳೂವರೆಗೆ:
ಪ್ಯಾರಡೈಸ್ ಕಣಿವೆಯಲ್ಲಿ ಚೊಚ್ಚಲ ಹಸು,
ಕರುವಿನ ಒಂದೇ ಕಾಲು ಹೊರಗೆ.

"ನಲವತ್ತು ದಾಟಬೇಡ" ಅಂದಳು ಮೈಟೆ.
ಊರೂ ನಲವತ್ತು ಮೈಲಿಯೇ;
ವೇಗಕ್ಕೆ ಹೇಳಿದಳೋ ದೂರಕ್ಕೋ.

ಕತ್ತಲೆ. ಸೇಜ್ ಪೊದೆಗಳ ಒಗರು ವಾಸನೆ. ಸ್ಟೀರಿಂಗು
ಹಾಲು ಕುಡಿದ ಕೂಸಿನ ಹಾಗೆ ತೆಪ್ಪಗಿದೆ.
ನನ್ನ ಕೈಗಳಿಗೆ ಮಾತ್ರ ಯಾರೂ ತಿಳಿಸಿಲ್ಲ.
ಜಾಲರಿ ಬಂದಾಗೆಲ್ಲ ಅವು
ಹಳೆಯ ಬಿಗಿಯಲ್ಲೇ ಹಿಡಿಯುತ್ತವೆ,
ಇನ್ನು ಮುಕ್ಕಾಲು ಗಂಟೆಗೆ ಗರ್ಭದೊಳಗೆ ಇಳಿದು
ಕಣ್ಣಿಲ್ಲದೆ ಇನ್ನೊಂದು ಗೊರಸು ಹುಡುಕಬೇಕಾದ ಕೈಗಳು,
ಸಡಿಲವಾಗಿರಬೇಕಾದ ಕೈಗಳು.